ನಾಲ್ಕನೇ ಜ್ವರ ಎದ್ದು ಹನ್ನೊಂದು ದಿನವಾಯಿತು, ರೇಷ್ಮೆ ಹುಳು ಹಣ್ಣಾಗುತ್ತಿಲ್ಲ

ಅಂಜನಾಪುರ ಬಯಲು | ಸೆಪ್ಟೆಂಬರ್ 9, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಮ್ಮದು ಶಿಕಾರಿಪುರ ತಾಲ್ಲೂಕು. ಒಂದೂವರೆ ಎಕರೆ ಹಿಪ್ಪುನೇರಳೆ ಇದೆ, ಆರು ವರ್ಷದಿಂದ ಹುಳು ಸಾಕುತ್ತಿದ್ದೇನೆ. ಈ ಬೆಳೆಗೆ 100 ಮೊಟ್ಟೆಯ (ನಾವು ಒಂದು ಮೊಟ್ಟೆ ಎನ್ನುವುದು ಒಂದು ಚಿಟ್ಟೆ ಇಟ್ಟ ಇಡೀ ಮೊಟ್ಟೆಗುಂಪಿಗೆ) ದ್ವಿತಳಿ ಜಾತಿಯ ಚಾಕಿ, ಅಂದರೆ ಎಳೆ ಹುಳು, ತಂದಿದ್ದೆ. ನಾಲ್ಕು ಜ್ವರವೂ (ಹುಳು ತಿನ್ನದೆ ಕೂತು ಪೊರೆ ಕಳಚುವ ಹೊತ್ತು) ಹದವಾಗಿ ಮುಗಿದವು. ನಾಲ್ಕನೇ ಜ್ವರದಿಂದ ಎದ್ದದ್ದು ಆಗಸ್ಟ್ 29ರಂದು. ಮೇಲಿನ ಎರಡು ಅಂತಸ್ತಿನ ಹುಳುಗಳು ಎಂಟನೇ ದಿನಕ್ಕೆ ಹಣ್ಣಾಗಿ, ಅಂದರೆ ನೂಲಲು ಸಿದ್ಧವಾಗಿ, ಗೂಡು ಕಟ್ಟುವ ತಟ್ಟಿಯಾದ ಚಂದ್ರಿಕೆ ಹತ್ತಿದವು, ಗೂಡು ಚೆನ್ನಾಗಿ ಕಟ್ಟುತ್ತಿವೆ. ಕೆಳಗಿನ ಎರಡು ಅಂತಸ್ತಿನವು ಮಾತ್ರ ಇವತ್ತಿಗೂ ಸೊಪ್ಪು ತಿನ್ನುತ್ತಲೇ ಇವೆ.

ಸಾಯುತ್ತಿಲ್ಲ, ವಾಂತಿ ಇಲ್ಲ, ಭೇದಿ ಇಲ್ಲ. ನೋಡಿದರೆ ಆರೋಗ್ಯವಂತ ಹುಳುಗಳೇ. ನನ್ನ ಹೆಬ್ಬೆರಳಿಗಿಂತ ದಪ್ಪವಾಗಿವೆ. ಹಣ್ಣಾದ ಹುಳುವನ್ನು ಬೆಳಕಿಗೆ ಹಿಡಿದರೆ ಮೈಯೊಳಗೆ ಜೇನಿನಂಥ ಹೊಳಪು ಕಾಣುತ್ತದಲ್ಲ, ಇವುಗಳಲ್ಲಿ ಅದಿಲ್ಲ. ಬಿಳಿ ಮೈ, ಒಳಗೆ ಹಸಿರು ಕರುಳು. ಸೊಪ್ಪು ಮುಗಿಯುತ್ತಾ ಬಂತು, ರಾತ್ರಿ ನಿದ್ದೆ ಬರುತ್ತಿಲ್ಲ. ಯಾರಾದರೂ ಇಂಥದ್ದನ್ನು ಕಂಡಿದ್ದೀರಾ?

ಚಾಕಿ ಮನೆ | ಸೆಪ್ಟೆಂಬರ್ 9, ರಾತ್ರಿ 10:05

ಅಕ್ಕ, ಮೊದಲು ರೋಗಗಳನ್ನು ಪಕ್ಕಕ್ಕಿಡೋಣ. ಹಾಲುತೊಂಡೆಯಾದರೆ ಚರ್ಮ ಒಡೆದು ಹಾಲಿನಂಥ ನೀರು ಸೋರುತ್ತದೆ. ಸಪ್ಪೆ ರೋಗಕ್ಕೆ ಹುಳು ಮೆತ್ತಗಾಗಿ ಸೋಲುತ್ತದೆ. ಸುಣ್ಣಕಟ್ಟಾದರೆ ಸತ್ತ ಹುಳು ಗಟ್ಟಿಯಾಗುತ್ತದೆ. ಊಜಿ ನೊಣ ಮೊಟ್ಟೆ ಇಟ್ಟಿದ್ದರೆ ಮೈಮೇಲೆ ಕಪ್ಪು ಚುಕ್ಕೆ ಕಾಣುತ್ತದೆ. ಇವು ಯಾವುದೂ ಇಲ್ಲದೆ ಹುಳು ಬರೀ ತಿನ್ನುತ್ತಿದೆ ಎಂದರೆ ಅದು ರೋಗವಲ್ಲ.

ಒಂದು ಪ್ರಶ್ನೆ. ಮೇಲಿನ ಅಂತಸ್ತಿಗೂ ಕೆಳಗಿನ ಅಂತಸ್ತಿಗೂ ಸೊಪ್ಪು ಒಂದೇ ತಾಕಿನದೇ?

ಅಂಜನಾಪುರ ಬಯಲು | ಸೆಪ್ಟೆಂಬರ್ 9, ರಾತ್ರಿ 10:20

ಅಲ್ಲ. ಮೇಲಿನವಕ್ಕೆ ಮನೆ ಹಿಂದಿನ ತಾಕು. ಕೆಳಗಿನವಕ್ಕೆ ಪೂರ್ವದ ಬೇಲಿ ಪಕ್ಕದ ಸಾಲುಗಳು. ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಬೇಲಿಯಾಚೆ ಪಕ್ಕದವರ ಮೆಣಸಿನಕಾಯಿ ಹೊಲ ಇದೆ.

ಸಾಗರದ ನಿವೃತ್ತ ಮೇಷ್ಟ್ರು | ಸೆಪ್ಟೆಂಬರ್ 10, ಬೆಳಿಗ್ಗೆ 6:15

ನಾನು ಪ್ರಾಣಿಶಾಸ್ತ್ರ ಪಾಠ ಮಾಡಿದವನು. ತಂಗಿ, ನಿಮ್ಮ ಹುಳುಗಳಿಗೆ ಸಮಯ ತಿಳಿಸುವ ಸುದ್ದಿ ತಲುಪಿಲ್ಲ ಎಂದು ನನಗೆ ಬಲವಾಗಿ ಅನಿಸುತ್ತಿದೆ. ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ, ಓದಿ.

ಕೀಟಗಳ ಮೈಯಲ್ಲಿ ಎಕ್ಡೈಸೋನ್ ಎಂಬ ಸ್ಟೀರಾಯ್ಡ್ ಹಾರ್ಮೋನು ಇದೆ. ನಮ್ಮ ದೇಹದ ಈಸ್ಟ್ರೋಜನ್, ಟೆಸ್ಟೋಸ್ಟಿರೋನ್‌ಗಳ ಕುಲಕ್ಕೇ ಸೇರಿದ್ದು. ನೀವು ಜ್ವರ ಎನ್ನುವುದು, ಅಂದರೆ ಹುಳು ತಲೆ ಎತ್ತಿ ಅಲ್ಲಾಡದೆ ಕೂತು ಪೊರೆ ಕಳಚುವುದು, ಇದರ ಅಪ್ಪಣೆಯಿಂದಲೇ. ತಿನ್ನುವುದು ನಿಲ್ಲಿಸಿ ಚಂದ್ರಿಕೆ ಹತ್ತುವುದೂ ಇದರ ಅಪ್ಪಣೆಯಿಂದಲೇ. ಗೂಡಿನೊಳಗೆ ಕೋಶವಾಗುವುದು, ಕೋಶದಿಂದ ಚಿಟ್ಟೆಯಾಗುವುದು ಕೂಡ.

ಇದು ತಿಳಿದದ್ದರಲ್ಲಿ ರೇಷ್ಮೆ ಹುಳುವಿನ ಪಾಲು ದೊಡ್ಡದು ಎಂದರೆ ನಿಮಗೆ ಸಂತೋಷವಾದೀತು. 1917ರ ಹೊತ್ತಿಗೆ ಪೋಲೆಂಡಿನ ಸ್ಟೆಫಾನ್ ಕೊಪೆಚ್ ಎಂಬವರು ಒಂದು ಜಾತಿಯ ಕಂಬಳಿಹುಳುವಿನ ಮೆದುಳನ್ನು ತೆಗೆದು ನೋಡಿದರು. ಕೊನೆಯ ಹಂತದ ಆರಂಭದಲ್ಲೇ ತೆಗೆದರೆ ಹುಳು ಕೋಶವಾಗಲಿಲ್ಲ. ಕೆಲವು ದಿನ ಕಳೆದ ಮೇಲೆ ತೆಗೆದರೆ ಮೆದುಳಿಲ್ಲದೆಯೂ ಕೋಶವಾಯಿತು. ಅಂದರೆ ಮೆದುಳು ತನ್ನ ಮಾತನ್ನು ಆಗಲೇ ಹೇಳಿ ಮುಗಿಸಿತ್ತು. 1940ರಲ್ಲಿ ಜಪಾನಿನ ಫುಕುಡ ಅವರು ರೇಷ್ಮೆ ಹುಳುವಿನ ನಡುವೆ ದಾರ ಬಿಗಿದು, ಎದೆಯ ಮೊದಲ ಖಂಡದಲ್ಲಿರುವ ಗ್ರಂಥಿಯೇ ಆ ಹಾರ್ಮೋನಿನ ತವರು ಎಂದು ತೋರಿಸಿದರು. ದಾರದ ಮುಂದಿನ ಅರ್ಧ ಕೋಶವಾಯಿತು, ಹಿಂದಿನ ಅರ್ಧ ಹುಳುವಾಗಿಯೇ ಉಳಿಯಿತು. ಒಂದೇ ಮೈ, ಎರಡು ವಯಸ್ಸು! 1954ರಲ್ಲಿ ಜರ್ಮನಿಯ ಬುಟೆನಾಂಟ್ ಮತ್ತು ಕಾರ್ಲ್ಸನ್ 500 ಕಿಲೋ ರೇಷ್ಮೆ ಕೋಶ ಅರೆದು ಕೇವಲ 25 ಮಿಲಿಗ್ರಾಂ ಹಾರ್ಮೋನನ್ನು ಹರಳಾಗಿ ತೆಗೆದರು. ಅರ್ಧ ಟನ್ ಕೋಶಕ್ಕೆ ಒಂದು ಚಿಟಿಕೆಗೂ ಸಾಲದಷ್ಟು. ಅದರ ರಚನೆ ಗೊತ್ತಾಗುವುದಕ್ಕೆ 1965ರವರೆಗೆ ಕಾಯಬೇಕಾಯಿತು.

ಆದರೆ ಅಪ್ಪಣೆ ಕೊಡುವವನ ಪಕ್ಕದಲ್ಲಿ ತಡೆಯುವವನೊಬ್ಬನಿದ್ದಾನೆ. ಜುವೆನೈಲ್ ಹಾರ್ಮೋನು. ಅದು ಸ್ಟೀರಾಯ್ಡ್ ಅಲ್ಲ, ಅದರ ರಸಾಯನವೇ ಬೇರೆ. ಅದರ ಕೆಲಸ ಎಳೆತನವನ್ನು ಕಾಯುವುದು. ಅದು ರಕ್ತದಲ್ಲಿ ಇರುವಾಗ ಎಕ್ಡೈಸೋನ್ ಏರಿದರೆ ಹುಳು ಪೊರೆ ಕಳಚಿ ಇನ್ನೂ ದೊಡ್ಡ ಹುಳುವಾಗುತ್ತದೆ, ಅಷ್ಟೆ. ಐದನೇ ಹಂತದ, ಅಂದರೆ ನಾಲ್ಕನೇ ಜ್ವರ ಎದ್ದ ಮೇಲಿನ, ಮೊದಲ ಕೆಲವು ದಿನಗಳಲ್ಲಿ ಅದು ಇಳಿದುಹೋಗಬೇಕು. ಇಳಿದ ಮೇಲೆ ಮೆದುಳು ಗ್ರಂಥಿಯನ್ನು ಎಬ್ಬಿಸುತ್ತದೆ, ಎಕ್ಡೈಸೋನ್ ಏರುತ್ತದೆ, ಹುಳು ಹಣ್ಣಾಗುತ್ತದೆ. ಅದು ಇಳಿಯದಿದ್ದರೆ ಗ್ರಂಥಿ ಮಲಗಿಯೇ ಇರುತ್ತದೆ, ಹುಳು ತಿನ್ನುತ್ತಲೇ ಇರುತ್ತದೆ.

ಪಕ್ಕದ ಮೆಣಸಿನಕಾಯಿ ಹೊಲಕ್ಕೆ ಏನು ಸಿಂಪಡಿಸಿದ್ದಾರೆ ಎಂದು ದಯವಿಟ್ಟು ವಿಚಾರಿಸಿ. ಬಾಟಲಿಯ ಮೇಲಿನ ರಾಸಾಯನಿಕದ ಹೆಸರು ಬೇಕು.

ತೀರ್ಥಹಳ್ಳಿ ತೋಟ | ಸೆಪ್ಟೆಂಬರ್ 10, ಬೆಳಿಗ್ಗೆ 8:30

ಮೇಷ್ಟ್ರೇ, ಬಹಳ ಚೆನ್ನಾಗಿ ಹೇಳಿದಿರಿ. ಹಾಗಾದರೆ ಪರಿಹಾರ ಸುಲಭವಲ್ಲವೇ? ಹುಳುಗಳು ಒಟ್ಟಿಗೆ ಹಣ್ಣಾಗಲಿ ಎಂದು ಸೊಪ್ಪಿನ ಮೇಲೆ ಸಿಂಪಡಿಸುವ ಸಸ್ಯಮೂಲದ ಎಕ್ಡೈಸೋನ್ ದ್ರಾವಣ ಸಿಗುತ್ತದೆ. ನನ್ನ ಭಾವ ರಾಮನಗರದ ಕಡೆ ಬಳಸುತ್ತಾನೆ. ಇಲ್ಲದ ಹಾರ್ಮೋನನ್ನು ನಾವೇ ಕೊಟ್ಟರಾಯಿತು.

ನೊಣದ ಕೋಣೆ | ಸೆಪ್ಟೆಂಬರ್ 10, ಮಧ್ಯಾಹ್ನ 1:10

ಅವಸರ ಬೇಡ ಅಣ್ಣ. ನಾನು ಹೊಸನಗರದವಳು, ಈಗ ಹಣ್ಣು ನೊಣಗಳ ಮೇಲೆ ಸಂಶೋಧನೆ ಮಾಡುತ್ತಿದ್ದೇನೆ. ಆ ದ್ರಾವಣ ಕೆಲಸ ಮಾಡುವುದು ಹುಳು ತಾನೇ ಹಣ್ಣಾಗಲು ಸಿದ್ಧವಾಗಿರುವಾಗ, ನೂರರಲ್ಲಿ ಐದು-ಹತ್ತು ಹುಳು ಹಣ್ಣಾಗಿ ಕಾಣಿಸಿಕೊಂಡ ಮೇಲೆ. ಈಗ ಅಕ್ಕನ ಹುಳುಗಳಲ್ಲಿ ಎಳೆತನ ಕಾಯುವ ವಸ್ತು ಇನ್ನೂ ಇದ್ದರೆ, ಮೇಷ್ಟ್ರು ಹೇಳಿದಂತೆ ಹೊರಗಿನಿಂದ ಕೊಟ್ಟ ಎಕ್ಡೈಸೋನ್ ಅವುಗಳನ್ನು ಐದನೇ ಜ್ವರಕ್ಕೆ ಕೂರಿಸೀತು. ಆರನೇ ಹಂತದ ಹುಳುವಾದೀತೇ ಹೊರತು ಗೂಡು ಕಟ್ಟುವ ಹುಳುವಾಗದು. ದುಡ್ಡೂ ಹೋಗುತ್ತದೆ, ಸೊಪ್ಪೂ ಹೋಗುತ್ತದೆ.

ಅಂಜನಾಪುರ ಬಯಲು | ಸೆಪ್ಟೆಂಬರ್ 10, ಸಂಜೆ 7:00

ಪಕ್ಕದವರ ಮನೆಗೆ ಹೋಗಿ ಬಂದೆ. ಅವರು ಬಚ್ಚಿಡಲಿಲ್ಲ, ಖಾಲಿ ಬಾಟಲಿಯನ್ನೇ ತಂದು ತೋರಿಸಿದರು. ಬಿಳಿ ನೊಣಕ್ಕೆಂದು ಆಗಸ್ಟ್ 28ರ ಸಂಜೆ ಸಿಂಪಡಿಸಿದ್ದಾರೆ. ಹೆಸರು ಪೈರಿಪ್ರಾಕ್ಸಿಫೆನ್. ಅವತ್ತು ಗಾಳಿ ನಮ್ಮ ಕಡೆಗೇ ಇತ್ತು. ಹುಳು ಎದ್ದ ಮೊದಲ ಸೊಪ್ಪು ನಾನು ಕೊಯ್ದದ್ದು ಮರುದಿನ, ಅದೇ ಬೇಲಿಯ ಸಾಲಿನಿಂದ.

ಸಾಗರದ ನಿವೃತ್ತ ಮೇಷ್ಟ್ರು | ಸೆಪ್ಟೆಂಬರ್ 10, ಸಂಜೆ 7:25

ಅದೇ ತಂಗಿ. ಪೈರಿಪ್ರಾಕ್ಸಿಫೆನ್ ಜುವೆನೈಲ್ ಹಾರ್ಮೋನಿನ ವೇಷ ಹಾಕುವ ರಾಸಾಯನಿಕ. ಬಿಳಿ ನೊಣದ ಮರಿ ದೊಡ್ಡದಾಗದಂತೆ ತಡೆಯುವುದೇ ಅದರ ಉದ್ದೇಶ. ರೇಷ್ಮೆ ಹುಳುವಿಗೆ ಅದರ ಹನಿಯ ಹನಿಯೂ ಸಾಕು. ಮೈಯೊಳಗಿನ ಹಾರ್ಮೋನು ಇಳಿಯುವ ಹೊತ್ತಿಗೆ ಸರಿಯಾಗಿ ಹೊರಗಿನದು ಬಂದು ಕೂತಿದೆ. ಇಟಲಿಯಲ್ಲಿಯೂ ಹೀಗೇ ಆಗಿತ್ತು. ಅಲ್ಲಿ ಹಣ್ಣಿನ ತೋಟಗಳಿಗೆ ಸಿಂಪಡಿಸುತ್ತಿದ್ದ ಫೆನಾಕ್ಸಿಕಾರ್ಬ್ ಎಂಬ ಇದೇ ಬಗೆಯ ರಾಸಾಯನಿಕ ಗಾಳಿಯಲ್ಲಿ ತೇಲಿ ಹಿಪ್ಪುನೇರಳೆಯ ಮೇಲೆ ಕೂತು, ಹುಳುಗಳು ಗೂಡನ್ನೇ ಕಟ್ಟದೆ ಉಳಿದು, ಅಲ್ಲಿನ ರೇಷ್ಮೆ ಸಾಕಣೆಗೆ ದೊಡ್ಡ ಪೆಟ್ಟು ಬಿತ್ತು.

ಈ ಹುಳುಗಳ ಆಸೆ ಬಿಡಬೇಕಾಗುತ್ತದೆ. ಹೇಳುವುದಕ್ಕೆ ನೋವಾಗುತ್ತದೆ.

ಅಂಜನಾಪುರ ಬಯಲು | ಸೆಪ್ಟೆಂಬರ್ 11, ರಾತ್ರಿ 8:45

ನಿನ್ನೆ ರಾತ್ರಿ ಉತ್ತರ ಬರೆಯಲು ಮನಸ್ಸಾಗಲಿಲ್ಲ. ಇವತ್ತು ಸಮಾಧಾನ ಮಾಡಿಕೊಂಡು, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಹುಳುವನ್ನು ಸೀಳಿ ನೋಡಿದೆ. ಬೆನ್ನಿನ ಉದ್ದಕ್ಕೂ ಬ್ಲೇಡು ಎಳೆದು, ತಟ್ಟೆಯ ನೀರಿನಲ್ಲಿ ಬಿಡಿಸಿದೆ. ಹಸಿರು ಕರುಳು ನಡುವೆ. ಅದರ ಎರಡೂ ಬದಿಗೆ ಗಾಜಿನ ಕೊಳವೆಯಂಥ ರೇಷ್ಮೆ ಗ್ರಂಥಿಗಳು. ನಡುಭಾಗ ದಪ್ಪಗೆ, ಹಾವು ಮಡಚಿಕೊಂಡಂತೆ. ಹಿಂಭಾಗ ತೆಳ್ಳಗೆ, ಶ್ಯಾವಿಗೆ ಸುತ್ತಿಟ್ಟಂತೆ. ರೇಷ್ಮೆ ಇದೆ! ಬೆರಳಿಗೆ ಅಂಟಿಸಿ ಎಳೆದರೆ ದಾರ ಬಂತು. ತುಂಬಿದ ಗ್ರಂಥಿ ಇದ್ದೂ ಹುಳು ಏಕೆ ನೂಲುತ್ತಿಲ್ಲ ಎಂದು ಮಗಳು ಕೇಳಿದಳು. ನನ್ನ ಬಳಿ ಉತ್ತರ ಇರಲಿಲ್ಲ.

ನೊಣದ ಕೋಣೆ | ಸೆಪ್ಟೆಂಬರ್ 11, ರಾತ್ರಿ 11:30

ನಿಮ್ಮ ಮಗಳ ಪ್ರಶ್ನೆಗೇ ಉತ್ತರಿಸುತ್ತೇನೆ ಅಕ್ಕ. ನಾನು ದಿನವೂ ತಲೆ ಕೆಡಿಸಿಕೊಳ್ಳುವ ವಿಷಯವೂ ಅದೇ. ಅಂಗ ಬೆಳೆಯುವುದು ಬೇರೆ, ಬೆಳೆದ ಅಂಗಕ್ಕೆ ಹೊತ್ತು ಬಂತು ಎಂದು ತಿಳಿಯುವುದು ಬೇರೆ.

ರೇಷ್ಮೆ ಗ್ರಂಥಿ ಅಂದರೆ ಹುಳುವಿನ ಜೊಲ್ಲು ಗ್ರಂಥಿಯೇ, ದಾರ ತೆಗೆಯುವುದಕ್ಕೆ ಒಗ್ಗಿಕೊಂಡದ್ದು. ಅದರಲ್ಲಿರುವುದು ಸುಮಾರು ಒಂದು ಸಾವಿರ ಜೀವಕೋಶಗಳು ಮಾತ್ರ. ಮೊಟ್ಟೆಯೊಳಗೇ ಆ ಎಣಿಕೆ ಮುಗಿದುಹೋಗುತ್ತದೆ, ಆಮೇಲೆ ಒಂದು ಜೀವಕೋಶವೂ ಹೊಸದಾಗಿ ಹುಟ್ಟುವುದಿಲ್ಲ. ಹಾಗಿದ್ದರೂ ಐದನೇ ಹಂತದ ಕೊನೆಗೆ ಹುಳುವಿನ ತೂಕದ ಶೇಕಡಾ 40ರಷ್ಟು ಆ ಗ್ರಂಥಿಯೇ ಆಗಿರುತ್ತದೆ. ಜೀವಕೋಶ ಒಡೆಯದೆ, ಒಳಗೆ ಡಿಎನ್‌ಎಯನ್ನು ಮಾತ್ರ ಮತ್ತೆ ಮತ್ತೆ ನಕಲು ಮಾಡಿಕೊಂಡು, ಒಂದೊಂದು ಜೀವಕೋಶದಲ್ಲಿ ಲಕ್ಷಗಟ್ಟಲೆ ಪ್ರತಿ ತುಂಬಿಕೊಂಡು ಹಿಗ್ಗುತ್ತದೆ. ಎಕ್ಡೈಸೋನ್ ಕಡಿಮೆ ಇರುವ ದಿನಗಳಲ್ಲಿ ಅದು ರೇಷ್ಮೆ ಪ್ರೋಟೀನು ಕೂಡಿಡುತ್ತದೆ. ಎಕ್ಡೈಸೋನ್ ಸ್ವಲ್ಪ ಏರಿದಾಗ ಹುಳು ತಿನ್ನುವುದು ಬಿಟ್ಟು, ಕರುಳು ಖಾಲಿ ಮಾಡಿಕೊಂಡು, ತಲೆಯಾಡಿಸಿ ನೂಲಲು ತೊಡಗುತ್ತದೆ. ಗೂಡಿನೊಳಗೆ ಎಕ್ಡೈಸೋನ್ ಇನ್ನೂ ಜೋರಾಗಿ ಏರಿದಾಗ ಅದೇ ಗ್ರಂಥಿ ತನ್ನನ್ನು ತಾನೇ ಕರಗಿಸಿಕೊಂಡು ಇಲ್ಲವಾಗುತ್ತದೆ.

ಅದೇ ಹೊತ್ತಿನಲ್ಲಿ, ಅದೇ ರಕ್ತದಲ್ಲಿ ಹರಿಯುವ ಅದೇ ಹಾರ್ಮೋನು ರೆಕ್ಕೆಯ ಮೊಳಕೆಗೆ ಬೆಳೆ ಎನ್ನುತ್ತದೆ. ಹುಳುವಿನ ಚರ್ಮದ ಅಡಿಯಲ್ಲಿ ಸಣ್ಣ ತಟ್ಟೆಗಳಂತೆ ಮಡಚಿಕೊಂಡಿರುವ ರೆಕ್ಕೆಯ ಜೀವಕೋಶಗಳು ಹಿಗ್ಗಿ, ಹೊರಕ್ಕೆ ಮಗುಚಿ ರೆಕ್ಕೆಯಾಗುತ್ತವೆ. ನನ್ನ ನೊಣದಲ್ಲಿ ಈ ರೆಕ್ಕೆಯ ತಟ್ಟೆ ಮೂವತ್ತು ಚಿಲ್ಲರೆ ಜೀವಕೋಶಗಳಿಂದ ಶುರುವಾಗಿ, ನಾಲ್ಕೈದು ದಿನಗಳಲ್ಲಿ ಮೂವತ್ತು ಸಾವಿರ ದಾಟುತ್ತದೆ. ಒಂದು ಅಂಗ ಸಾಯುತ್ತದೆ, ಇನ್ನೊಂದು ಹುಟ್ಟುತ್ತದೆ, ಎರಡಕ್ಕೂ ಬಂದ ಸುದ್ದಿ ಒಂದೇ.

ಇದು ಹೇಗೆ ಸಾಧ್ಯ? ಸುದ್ದಿ ಕೇಳುವ ಕಿವಿ ಜೀವಕೋಶದೊಳಗಿದೆ. ಎಕ್ಡೈಸೋನ್ ಗ್ರಾಹಕ ಎಂಬ ಪ್ರೋಟೀನು, ಜೊತೆಗೊಂದು ಸಂಗಾತಿ ಪ್ರೋಟೀನು. ಇದರ ಜೀನನ್ನು ನೊಣದಲ್ಲಿ 1991ರಲ್ಲಿ ಗುರುತಿಸಿದರು. ಹಾರ್ಮೋನು ಬಂದು ಅಂಟಿದಾಗ ಈ ಜೋಡಿ ನೇರವಾಗಿ ಡಿಎನ್‌ಎಯ ಮೇಲೆ ಕೂತು ಜೀನ್‌ಗಳನ್ನು ಎಬ್ಬಿಸುತ್ತದೆ. ಯಾವ ಜೀನ್ ಏಳಬೇಕು ಎನ್ನುವುದು ಆ ಅಂಗ ಅದುವರೆಗೆ ಹೇಗೆ ತಯಾರಾಗಿದೆ ಎಂಬುದರ ಮೇಲಿದೆ. 1960ರಲ್ಲೇ ಕ್ಲೆವರ್ ಮತ್ತು ಕಾರ್ಲ್ಸನ್ ಒಂದು ಸಣ್ಣ ನೊಣದ ಮರಿಗೆ ಎಕ್ಡೈಸೋನ್ ಚುಚ್ಚಿ, ಜೊಲ್ಲು ಗ್ರಂಥಿಯ ದೈತ್ಯ ವರ್ಣತಂತುಗಳಲ್ಲಿ ಕೆಲವೇ ಕೆಲವು ಜಾಗಗಳು ಅರಳಿನಂತೆ ಉಬ್ಬುವುದನ್ನು ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ಕಂಡಿದ್ದರು. ಹಾರ್ಮೋನು ಜೀನ್‌ಗಳನ್ನು ಎಬ್ಬಿಸುವುದನ್ನು ನೋಡಿದ ಮೊದಲ ನೋಟಗಳಲ್ಲಿ ಅದೊಂದು.

ನಿಮ್ಮ ತಟ್ಟೆಯಲ್ಲಿ ಕಂಡ ಗ್ರಂಥಿ ತುಂಬಿಕೊಂಡು ಕಾಯುತ್ತಿತ್ತು. ಸುದ್ದಿ ಬರಲಿಲ್ಲ.

ಆಗುಂಬೆ ಮಳೆ | ಸೆಪ್ಟೆಂಬರ್ 12, ಬೆಳಿಗ್ಗೆ 7:50

ಓದಿ ರೋಮಾಂಚನವಾಯಿತು. ನಾನು ಚಿಟ್ಟೆ ನೋಡುವವನು. ನಮ್ಮ ಕಡೆ ಮುಸ್ಸಂಜೆಯ ಹೊತ್ತು ಒಣ ಎಲೆಗಳ ನಡುವೆ ಹಾರುವ ಕಂದು ಚಿಟ್ಟೆಯೊಂದಿದೆ. ಮಳೆಗಾಲದಲ್ಲಿ ಹುಟ್ಟಿದ್ದರೆ ರೆಕ್ಕೆಯ ಅಡಿಯಲ್ಲಿ ಕಣ್ಣಿನಂಥ ಬೊಟ್ಟುಗಳು ಎದ್ದು ಕಾಣುತ್ತವೆ. ಬೇಸಗೆಯಲ್ಲಿ ಹುಟ್ಟಿದ್ದಕ್ಕೆ ಬೊಟ್ಟು ಅಳಿಸಿಹೋದಂತಿದ್ದು, ತರಗೆಲೆಯ ಪಕ್ಕ ಕೂತರೆ ಗುರುತೇ ಸಿಗುವುದಿಲ್ಲ. ಎರಡೂ ಒಂದೇ ಜಾತಿ. ಇದಕ್ಕೂ ಈ ಹಾರ್ಮೋನಿಗೂ ಸಂಬಂಧ ಇದೆಯೇ?

ನೊಣದ ಕೋಣೆ | ಸೆಪ್ಟೆಂಬರ್ 12, ಬೆಳಿಗ್ಗೆ 9:15

ಅದರ ನೆಂಟನೊಂದು ಆಫ್ರಿಕಾದಲ್ಲಿದೆ, ಬೈಸಿಕ್ಲಸ್ ಎಂದು. ಅದರಲ್ಲಿ ಇದನ್ನು ಚೆನ್ನಾಗಿ ಅಭ್ಯಾಸ ಮಾಡಿದ್ದಾರೆ. ಬೊಟ್ಟಿನ ನಡುವಿನ ಜೀವಕೋಶಗಳಲ್ಲಿ ಎಕ್ಡೈಸೋನ್ ಗ್ರಾಹಕ ಇದೆ. ಅಲ್ಲಿನ ಬೆಚ್ಚಗಿನ ಮಳೆಗಾಲದಲ್ಲಿ ಹಾರ್ಮೋನು ಸರಿಯಾದ ಗಳಿಗೆಯಲ್ಲಿ ಹೆಚ್ಚಿದ್ದರೆ ಬೊಟ್ಟು ದೊಡ್ಡದು, ತಂಪಾದ ಒಣ ಕಾಲದಲ್ಲಿ ಕಡಿಮೆಯಿದ್ದರೆ ಚಿಕ್ಕದು.

ತೀರ್ಥಹಳ್ಳಿ ತೋಟ | ಸೆಪ್ಟೆಂಬರ್ 12, ರಾತ್ರಿ 9:00

ನನ್ನದು ಅಡಿಕೆಯವನ ಪ್ರಶ್ನೆ. ಇಂಥ ಹಾರ್ಮೋನು ಔಷಧಿ ಗೊಣ್ಣೆ ಹುಳುವಿಗೆ ನಡೆಯುತ್ತದೆಯೇ? ಬೇರು ತಿಂದು ಎರಡು ಸಾಲು ಮರ ಹಳದಿಯಾಗಿವೆ. ಇನ್ನೊಂದು, ಹುಳುವಿನ ಎಡ ರೆಕ್ಕೆಯ ಮೊಳಕೆಗೆ ಪೆಟ್ಟಾದರೆ ಚಿಟ್ಟೆಗೆ ಒಂದು ರೆಕ್ಕೆ ಚಿಕ್ಕದಾಗುತ್ತದೆಯೇ? ಸುದ್ದಿ ಎಲ್ಲ ಅಂಗಕ್ಕೂ ಒಟ್ಟಿಗೆ ಬರುವುದಾದರೆ ಹಿಂದೆ ಬಿದ್ದ ಅಂಗದ ಗತಿಯೇನು?

ಸಾಗರದ ನಿವೃತ್ತ ಮೇಷ್ಟ್ರು | ಸೆಪ್ಟೆಂಬರ್ 13, ಬೆಳಿಗ್ಗೆ 6:40

ಗೊಣ್ಣೆ ಹುಳುವಿಗೆ ಅದನ್ನು ನೆಚ್ಚಬೇಡಿ. ಎಕ್ಡೈಸೋನಿನಂತೆ ನಟಿಸಿ ಹುಳುವನ್ನು ಅಕಾಲದಲ್ಲಿ ಜ್ವರಕ್ಕೆ ಕೂರಿಸಿ ಕೊಲ್ಲುವ ಟೆಬುಫೆನೊಜೈಡ್‌ನಂಥವು ಇವೆ. ಆದರೆ ಅವು ಚಿಟ್ಟೆ-ಪತಂಗಗಳ ಮರಿಗಳ ಗ್ರಾಹಕಕ್ಕೆ ಅಂಟುವಷ್ಟು ಬಿಗಿಯಾಗಿ ದುಂಬಿಗಳ ಗ್ರಾಹಕಕ್ಕೆ ಅಂಟುವುದಿಲ್ಲ. ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ಮಣ್ಣಿನಿಂದ ಏಳುವ ದುಂಬಿಗಳನ್ನು ಊರವರೆಲ್ಲ ಸೇರಿ ಹಿಡಿದು ಕೊಲ್ಲುವುದೇ ಮೇಲು. ಒಬ್ಬರ ತೋಟದಲ್ಲಿ ಮಾತ್ರ ಮಾಡಿದರೆ ಪ್ರಯೋಜನವಿಲ್ಲ.

ಎರಡನೆಯ ಪ್ರಶ್ನೆ ನನಗೆ ಬಹಳ ಹಿಡಿಸಿತು. ಅದನ್ನು ನೊಣದ ಹುಡುಗಿಯೇ ಹೇಳಲಿ.

ನೊಣದ ಕೋಣೆ | ಸೆಪ್ಟೆಂಬರ್ 13, ಸಂಜೆ 6:20

ಅಣ್ಣ, ಈ ಪ್ರಶ್ನೆ ನಮ್ಮ ಕ್ಷೇತ್ರದಲ್ಲಿ ಬಹಳ ಕಾಲ ಬಿಡಿಸದ ಗಂಟಾಗಿತ್ತು. ಪೆಟ್ಟಾದ ಮೊಳಕೆಯೇ ಮೇಲಕ್ಕೆ ಹೇಳಿ ಕಳಿಸುತ್ತದೆ, ಇನ್ನೂ ತಡೆಯಿರಿ, ನನಗಾಗಿಲ್ಲ ಎಂದು. 2012ರಲ್ಲಿ ಎರಡು ತಂಡಗಳು ಆ ಸುದ್ದಿಯನ್ನು ಪತ್ತೆ ಮಾಡಿದವು. ಇನ್ಸುಲಿನ್ ಕುಲದ ಸಣ್ಣ ಪ್ರೋಟೀನು, ಡಿಲ್ಪ್ 8 ಎಂದು ಹೆಸರು. ಅದನ್ನು ಮೆದುಳಿನ ಕೆಲವು ನರಕೋಶಗಳು ಕೇಳಿಸಿಕೊಳ್ಳುತ್ತವೆ ಎಂದು 2015ರಲ್ಲಿ ಗೊತ್ತಾಯಿತು. ಆಗ ಎಕ್ಡೈಸೋನ್ ಏರುವುದು ತಡವಾಗುತ್ತದೆ, ಗಾಯಗೊಂಡ ಮೊಳಕೆ ಚೇತರಿಸಿಕೊಳ್ಳಲು ದಿನ ಸಿಗುತ್ತದೆ, ಉಳಿದ ಅಂಗಗಳೂ ತಮ್ಮ ಬೆಳವಣಿಗೆಯನ್ನು ನಿಧಾನ ಮಾಡುತ್ತವೆ. ಡಿಲ್ಪ್ 8 ಇಲ್ಲದ ನೊಣಗಳಲ್ಲಿ ಎಡ ರೆಕ್ಕೆಗೂ ಬಲ ರೆಕ್ಕೆಗೂ ಅಳತೆ ಹೊಂದುವುದಿಲ್ಲ. ಅಂಗಗಳು ಬರೀ ಅಪ್ಪಣೆ ಪಾಲಿಸುತ್ತವೆ ಎಂದುಕೊಂಡಿದ್ದೆವು, ಅವು ಎದುರು ಮಾತನ್ನೂ ಆಡುತ್ತವೆ.

ಇನ್ನೊಂದು ಸಂಗತಿ. ಕೀಟಗಳಿಗೆ ಕೊಲೆಸ್ಟೆರಾಲನ್ನು ತಾವೇ ತಯಾರಿಸಲು ಬರುವುದಿಲ್ಲ, ಸ್ಟೀರಾಯ್ಡ್‌ಗೆ ಬೇಕಾದ ಮೂಲ ವಸ್ತು ಆಹಾರದಿಂದಲೇ ಬರಬೇಕು. ಅಕ್ಕ ಕೊಯ್ದು ಹಾಕುವ ಹಿಪ್ಪುನೇರಳೆ ಸೊಪ್ಪಿನ ಸ್ಟೆರಾಲನ್ನೇ ಹುಳು ಕೊಲೆಸ್ಟೆರಾಲಾಗಿ ಮಾರ್ಪಡಿಸಿ, ಅದರಿಂದ ಎಕ್ಡೈಸೋನ್ ಮಾಡಿಕೊಳ್ಳುತ್ತದೆ. ಕೆಲವು ಗಿಡಗಳು ಎಕ್ಡೈಸೋನನ್ನು ನೇರವಾಗಿ ತಯಾರಿಸುತ್ತವೆ, ತಿನ್ನಬಂದ ಹುಳುವಿನ ಲೆಕ್ಕ ತಪ್ಪಿಸುವುದಕ್ಕೆ. ನಮ್ಮ ಬೇಲಿಯ ಉತ್ತರಾಣಿಯಲ್ಲಿಯೂ ಅದಿದೆ, ಎಷ್ಟೋ ಜರೀಗಿಡಗಳಲ್ಲಿಯೂ ಇದೆ.

ಚಾಕಿ ಮನೆ | ಸೆಪ್ಟೆಂಬರ್ 13, ರಾತ್ರಿ 8:10

ಅಕ್ಕ, ಕೆಲಸದ ಮಾತು. ಪೂರ್ವದ ಸಾಲುಗಳನ್ನು ಪೂರ್ತಿ ಬುಡಕ್ಕೆ ಕತ್ತರಿಸಿ, ಆ ಸೊಪ್ಪನ್ನು ದನಕ್ಕೂ ಹಾಕಬೇಡಿ. ಹೊಸ ಚಿಗುರು ಬಂದ ಮೇಲೆ ಬೆಳೆಗೆಲ್ಲ ಹಾಕುವ ಮೊದಲು ಇಪ್ಪತ್ತು ಹುಳುಗಳನ್ನು ಬೇರೆ ತಟ್ಟೆಯಲ್ಲಿಟ್ಟು, ನಾಲ್ಕನೇ ಜ್ವರ ಎದ್ದ ದಿನದಿಂದ ಅವಕ್ಕೆ ಆ ಸಾಲಿನ ಸೊಪ್ಪನ್ನೇ ಕೊಟ್ಟು ನೋಡಿ. ಸಿಂಪಡಿಸುವ ಹಿಂದಿನ ದಿನ ಒಂದು ಫೋನ್ ಮಾಡಿ ಎಂದು ಪಕ್ಕದವರಿಗೆ ಹೇಳಿ. ಬಾಟಲಿ ತೋರಿಸಿದವರು ಅಷ್ಟು ಮಾಡದೆ ಇರಲಾರರು.

ಅಂಜನಾಪುರ ಬಯಲು | ಸೆಪ್ಟೆಂಬರ್ 15, ಸಂಜೆ 5:30

ಕೆಳಗಿನ ಅಂತಸ್ತಿನ ಹುಳುಗಳನ್ನು ಇವತ್ತು ಹೂತೆವು. ಹದಿನೇಳನೇ ದಿನಕ್ಕೂ ತಿನ್ನುತ್ತಲೇ ಇದ್ದವು. ಪೂರ್ವದ ಐದು ಸಾಲು ಕತ್ತರಿಸಿದ್ದೇನೆ. ಪಕ್ಕದವರೇ ಮಚ್ಚು ತಂದು ಜೊತೆಗೂಡಿದರು.

ಅಂಜನಾಪುರ ಬಯಲು | ನವೆಂಬರ್ 26, ರಾತ್ರಿ 9:20

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಬೇರೆ ತಟ್ಟೆಯ ಇಪ್ಪತ್ತು ಹುಳುಗಳೂ ಎಂಟನೇ ದಿನ ಹಣ್ಣಾದವು. ಬೆಳಿಗ್ಗೆ ಐದಕ್ಕೆ ದೀಪ ಹಿಡಿದು ನೋಡಿದರೆ ಒಂದೊಂದೂ ಜೇನಿನ ಬಣ್ಣ, ತಲೆ ಎತ್ತಿ ಜಾಗ ಹುಡುಕುತ್ತಿದ್ದವು. ಉಳಿದ ಬೆಳೆಯೂ ಅದೇ ದಿನ ಚಂದ್ರಿಕೆ ಹತ್ತಿತು.

ಇವತ್ತು ಏಳನೇ ದಿನ. ಮಗಳು ಹಟ ಹಿಡಿದು ಒಂದು ಗೂಡು ಕತ್ತರಿಸಿದಳು. ಒಳಗೆ ಕಂದು ಕೋಶ, ಕವಚದ ಎರಡೂ ಬದಿಗೆ ರೆಕ್ಕೆಯ ಅಚ್ಚು ಬೆರಳಿನಿಂದ ಒತ್ತಿದಂತೆ ಕಾಣುತ್ತಿತ್ತು. ಸೀಳಿ ನೀರಿನಲ್ಲಿ ಬಿಡಿಸಿದೆವು. ಸೆಪ್ಟೆಂಬರಿನಲ್ಲಿ ಕಂಡ ಆ ಗಾಜಿನ ಕೊಳವೆಗಳಿಗಾಗಿ ಎಷ್ಟು ಹುಡುಕಿದರೂ ಸಿಗಲಿಲ್ಲ.